ಹಿಟ್ಟಿನ ಡಬ್ಬದ ಹಿಂದಿನ ಬೋಗುಣಿ

ಎಲ್ಲರ್‌ಬೆಕ್ ಪ್ರಾಥಮಿಕ ಶಾಲೆಯ ಪೋಷಕರ ಸಭೆಗೆ ತಡವಾಗಿ ಹೋಗಬಾರದು. ಹೋದರೆ ಯಾರಿಗೂ ಬೇಡವಾದ ಕೆಲಸ ನಿಮ್ಮ ಕೊರಳಿಗೆ ಬೀಳುತ್ತದೆ. ಊರಿಗೆಲ್ಲ ಗೊತ್ತಿರುವ ಈ ಮಾತು ಡಂಕನ್‌ಗೂ ಗೊತ್ತಿತ್ತು. ಆದರೆ ಅವನು ಬಸ್ ಡ್ರೈವರ್. ಆ ಸಂಜೆ ಸೇತುವೆಯ ಹತ್ತಿರ ಕುರಿ ತುಂಬಿದ ಲಾರಿಯೊಂದು ಅಡ್ಡ ನಿಂತು, ಕುರಿಗಳು ಇಳಿದು ರಸ್ತೆ ತುಂಬಿ, ಅವನ್ನೆಲ್ಲ ಅಟ್ಟಿ ಮತ್ತೆ ಹತ್ತಿಸುವ ಹೊತ್ತಿಗೆ ಸಭೆ ಅರ್ಧ ಮುಗಿದಿತ್ತು. ಕುರಿಗಳ ವಂಶಕ್ಕೆಲ್ಲ ಶಾಪ ಹಾಕುತ್ತ ಅವನು ತರಗತಿಯ ಬಾಗಿಲು ತೆರೆದ.

ಒಳಗೆ ಅಪ್ಪಂದಿರು ಅಮ್ಮಂದಿರು ಪುಟ್ಟ ಮಕ್ಕಳ ಕುರ್ಚಿಗಳಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುರಿ ಕೂತಿದ್ದರು.

"ಬಾಪ್ಪಾ ಬಾ, ನಿನ್ನನ್ನೇ ಕಾಯ್ತಾ ಇದ್ವಿ," ಅಂದಳು ಬ್ರಿಜೆಟ್. ಈ ವರ್ಷದ ಸಮಿತಿಗೆ ಅವಳೇ ಅಧ್ಯಕ್ಷೆ. ಊರಿನ ಹೆಂಗಸರ ಕೂದಲು ಕತ್ತರಿಸುವುದು ಅವಳ ಕಸುಬು. ಕೈಯ ಕತ್ತರಿಗಿಂತ ಬಾಯಿ ಚುರುಕು.

"ನನ್ನನ್ಯಾಕೆ?"

"ಕ್ರಿಸ್ಮಸ್ ಮೇಳದ ಕೇಕಿನ ಟೇಬಲ್ಲಿಗೆ ಜನ ಸಿಕ್ಕಿದ್ರು. ಕ್ರಿಸ್ಮಸ್ ತಾತ ಸಿಕ್ದ, ಅವನಿಗೊಂದು ಗಡ್ಡ ಹುಡುಕ್ಬೇಕು. ಬಿಸಿ ವೈನ್ ಕಾಯಿಸೋಕೆ ನಾ ಮುಂದು ತಾ ಮುಂದು ಅಂತ ಕೈಯೆತ್ತಿದ್ರು, ಯಾಕೇಂತ ನಂಗೊತ್ತು. ಉಳಿದಿರೋದು ಟೊಂಬೋಲಾ ಒಂದೇ..."

ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ನೋಡತೊಡಗಿದರು. ಟೊಂಬೋಲಾ ಮೆರಿಯಲ್‌ಳ ಮೇಜು. ಡಂಕನ್‌ನ ಹೆಂಡತಿ ಮೆರಿಯಲ್, ಮಗಳು ನೆಲ್ ಶಾಲೆಗೆ ಸೇರಿದಂದಿನಿಂದ ಆ ಮೇಜನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ. ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು.

"ನಿಂಗೆ ಬೇಡ ಅಂದ್ರೆ..." ಬ್ರಿಜೆಟ್ ಮೆಲ್ಲಗೆ ಅಂದಳು.

"ಮಾಡ್ತೀನಿ ಬಿಡಿ," ಅಂದ ಡಂಕನ್. ಆ ಮೌನವೊಂದು ಮುಗಿದರೆ ಸಾಕಾಗಿತ್ತು ಅವನಿಗೆ. ಫೆಬ್ರವರಿಯಿಂದ ಅವನ ಪಾಡೇ ಹೀಗೆ. ಮೆರಿಯಲ್‌ಳ ನೆನಪು ಎದುರು ಬಂದು ನಿಂತಾಗೆಲ್ಲ ಯಾವ ಕೆಲಸ ಹೇಳಿದರೂ ಒಪ್ಪಿಬಿಡುತ್ತಿದ್ದ. ಅವಳ ಹೆಸರು ಎತ್ತುವುದೊಂದು ಬಿಟ್ಟು. ಮನೆಯಲ್ಲೂ ಅಷ್ಟೇ. ಮಾತು ಅತ್ತ ತಿರುಗಿತೆಂದರೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾದವನಂತೆ ಎದ್ದು ಹೋಗುತ್ತಿದ್ದ.

ಕೆಲಸವೇನೋ ಕಷ್ಟದ್ದಲ್ಲ. ಟೊಂಬೋಲಾ ಅಂದರೆ ಲಾಟರಿ: ಡ್ರಮ್ಮಿನಲ್ಲಿ ದುಡ್ಡು ಕೊಟ್ಟು ಎತ್ತುವ ಮಡಿಚಿದ ಚೀಟಿಗಳಿರುತ್ತವೆ. ಸೊನ್ನೆಯಲ್ಲೋ ಐದರಲ್ಲೋ ಮುಗಿಯುವ ನಂಬರು ಎತ್ತಿದವರಿಗೆ ಅದೇ ನಂಬರು ಅಂಟಿಸಿದ ಸಾಮಾನು. ಸಾಮಾನೆಲ್ಲ ಮನೆಮನೆಯಿಂದ ಬಂದದ್ದು: ಶಾಂಪೂ, ಸಾರಿನ ಡಬ್ಬಿ, ಯಾರಿಗೂ ಬೇಡದ ಸೋಪು. ಮೊಟ್ಟೆ ಬೆರೆಸಿದ ಹಳದಿ ಮದ್ಯದ ಬಾಟಲಿಯೊಂದಂತೂ ಊರಿನ ಮನೆಗಳನ್ನೆಲ್ಲ ಸುತ್ತಿ ಬಂದಿದೆ. ಗೆದ್ದವರೆಲ್ಲ ಮುಂದಿನ ವರ್ಷ ನಗುಮುಖದಿಂದ ತಿರುಗಿ ಕೊಡುತ್ತಾರೆ. ಈ ಸಲದ ಗಳಿಕೆ ಪಿಯಾನೊಗೆ ಅಂತ ತೀರ್ಮಾನವಾಗಿತ್ತು. ಶಾಲೆಯ ಪಿಯಾನೊದ ನಡುವಿನ ಕೆಲವು ಕೀಗಳು ಸತ್ತುಹೋಗಿ, ಸ್ವರ ಬಾರದ ಕಡೆ ಟೀಚರಮ್ಮ ಕಾಲಿನಿಂದ ನೆಲ ಕುಟ್ಟಿ ಹಾಡು ಮುಂದುವರಿಸುತ್ತಿದ್ದರು.

"ಇನ್ನೊಂದು ವಿಷಯ," ಅಂದಳು ಬ್ರಿಜೆಟ್. "ಟೊಂಬೋಲಾ ಎಲ್ಲಿಡೋದು? ಬಾಗಿಲ ಹತ್ರಾನೋ, ವೇದಿಕೆ ಹತ್ರಾನೋ?"

ಜನ ಮತ್ತೆ ಬೂಟು ನೋಡಿದರು. ಇದೇ ಪ್ರಶ್ನೆಗೆ ಹೋದ ವರ್ಷ ಮಹಾಯುದ್ಧವೇ ಆಗಿತ್ತು. ಆಗ ಅಧ್ಯಕ್ಷೆಯಾಗಿದ್ದವರು ಹಿಲರಿ, ಅಂಚೆಕಚೇರಿಯಿಂದ ನಿವೃತ್ತರಾದ ಹೆಂಗಸು. ಮೊಮ್ಮಗಳು ಇದೇ ಶಾಲೆಯಲ್ಲಿ. ಬಾಗಿಲಲ್ಲಿ ಇಟ್ಟರೆ ಜನ ಅಲ್ಲೇ ಕಟ್ಟಿಕೊಂಡು ಒಳಗೆ ಬರುವುದಿಲ್ಲ ಅಂತ ಅವರ ವಾದ. ಬಂದ ತಕ್ಷಣ ಕೈಗೊಂದು ಬಹುಮಾನ ಬಿದ್ದರೆ ಮನುಷ್ಯರ ಮುಖ ಅರಳುತ್ತದೆ, ಅರಳಿದ ಮುಖ ಒಳಗೆ ಹೋಗಿ ಎರಡು ಕೇಕು ಜಾಸ್ತಿ ಕೊಳ್ಳುತ್ತದೆ ಅಂತ ಮೆರಿಯಲ್. ಮಾತಿಗೆ ಮಾತು ಬೆಳೆದು ಹಿಲರಿ ಶಾಲೆಯ ಬೀಗದ ಕೈ ಮೇಜಿನ ಮೇಲೆ ಎಸೆದು ಹೋದವರು ಮತ್ತೆ ಸಮಿತಿಯ ಕಡೆ ತಲೆ ಹಾಕಲಿಲ್ಲ. ಮೆರಿಯಲ್ ಮೇಜನ್ನು ಬಾಗಿಲಲ್ಲೇ ಹಾಕಿ, ಕಾಯಿಲೆಯ ಮೈಗೆ ಶಾಲು ಸುತ್ತಿಕೊಂಡು ಇಡೀ ದಿನ ಕೂತಳು. ಇಬ್ಬರಿಗೂ ಮತ್ತೆ ಮಾತಿಲ್ಲ. ಆಮೇಲೆ ಆಡಲು ಮೆರಿಯಲ್ಲೇ ಇಲ್ಲ.

"ಆಮೇಲೆ ನೋಡೋಣ," ಅಂದ ಡಂಕನ್.

ಶಾಲೆಯಲ್ಲಿ ಮೇಳಕ್ಕೆ ಮುಂಚೆ ಒಂದು ಶುಕ್ರವಾರ ಸಮವಸ್ತ್ರಕ್ಕೆ ರಜೆ. ಅವತ್ತು ಮಕ್ಕಳು ಇಷ್ಟಬಂದ ಬಟ್ಟೆ ಹಾಕಿಕೊಂಡು ಬರಬಹುದು. ಬದಲಿಗೆ ಟೊಂಬೋಲಾಕ್ಕೆ ಒಂದು ಬಾಟಲಿಯೋ ಡಬ್ಬಿಯೋ ತರಬೇಕು. ಡಂಕನ್ ಆ ವಾರವೆಲ್ಲ ಪೋಷಕರ ಫೋನುಗಳಿಗೆ ಸಂದೇಶ ಕಳಿಸಿ ಕಳಿಸಿ ಜನರ ಜೀವ ತಿಂದಿದ್ದ.

ಶುಕ್ರವಾರ ಬೆಳಿಗ್ಗೆ ನೆಲ್ ಹಳದಿ ಸ್ವೆಟರ್ ಹಾಕಿಕೊಂಡು ಮೆಟ್ಟಿಲಿಳಿದು ಬಂದಳು.

"ಅಪ್ಪಾ, ನಂದೆಲ್ಲಿ?"

"ಏನಮ್ಮಾ ನಿಂದು?"

"ಟೊಂಬೋಲಾಗೆ."

ಅಯ್ಯೋ ದೇವರೇ! ಊರಿಗೆಲ್ಲ ನೆನಪಿಸಿದ ಮಹಾನುಭಾವ ತನ್ನ ಮನೆಯದನ್ನೇ ಮರೆತಿದ್ದ. ಅಂಗಡಿ ಇನ್ನೂ ತೆರೆದಿಲ್ಲ, ಬಸ್ಸಿಗೆ ಹೊತ್ತಾಯಿತು. ಅಡುಗೆಮನೆಯ ಕಪಾಟು ತೆರೆದು ಕೈಯಾಡಿಸಿದ. ಬಳಸಿ ಅರ್ಧವಾದ ಜಾಮು, ತಳ ಕಂಡ ವಿನೆಗರ್, ಹೊಟ್ಟೆ ಉಬ್ಬಿದ ಬೀನ್ಸ್ ಡಬ್ಬಿ. ಗೋಧಿಹಿಟ್ಟಿನ ದೊಡ್ಡ ಡಬ್ಬ ಸರಿಸಿದರೆ ಅದರ ಹಿಂದೆ ಬಿಳಿ ಪಿಂಗಾಣಿ ಬೋಗುಣಿ. ಬಾಯಿಗೆ ಬಟ್ಟೆ ಬಿಗಿದು, ಎತ್ತಿ ಹಿಡಿಯಲು ದಾರದ ಹಿಡಿ ಕಟ್ಟಿದ್ದರು. ಒಣದ್ರಾಕ್ಷಿ, ಬ್ರಾಂದಿ ಹಾಕಿ ತಿಂಗಳುಗಟ್ಟಲೆ ಕೆಡದಂತೆ ಮಾಡುವ ಕ್ರಿಸ್ಮಸ್ ಪುಡಿಂಗ್ ಎಂದು ನೋಡಿದರೇ ತಿಳಿಯುತ್ತಿತ್ತು. ಫೆಬ್ರವರಿಯ ಆ ದಿನಗಳಲ್ಲಿ ನೆರೆಹೊರೆಯವರು ಬಾಗಿಲಲ್ಲಿ ಏನೇನೋ ಇಟ್ಟು ಹೋಗುತ್ತಿದ್ದರು. ಯಾವ ಪಾತ್ರೆ ಯಾರದೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಇದೂ ಅಂಥದ್ದೇ ಒಂದಿರಬೇಕು ಅಂದುಕೊಂಡ.

"ತಗೋ, ಇದನ್ನ ಕೊಡು."

ನೆಲ್ ಬೋಗುಣಿಯನ್ನು ನೋಡಿದಳು. ಅಪ್ಪನ ಮುಖ ನೋಡಿದಳು.

"ಇದಾ?"

"ಹೂಂ, ಇದೇ. ಯಾಕೆ?"

"ಏನಿಲ್ಲ."

ಶಾಲೆಯವರೆಗೂ ಅವಳು ಅದನ್ನು ದಾರದ ಹಿಡಿಯಲ್ಲಿ ಹಿಡಿಯಲಿಲ್ಲ, ಎರಡು ಕೈಯಿಂದ ಎದೆಗೆ ಅವಚಿಕೊಂಡು ನಡೆದಳು. ಡಂಕನ್ ಅದನ್ನು ಗಮನಿಸಿದ, ಆದರೆ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಭಾನುವಾರ ಎನಿಡ್ ಬಂದರು. ಮೆರಿಯಲ್‌ಳ ಅಮ್ಮ. ಮಗಳು ಹೋದ ಮೇಲೂ ಭಾನುವಾರದ ಊಟಕ್ಕೆ ಬರುವುದನ್ನು ತಪ್ಪಿಸಿದವರಲ್ಲ. ಮಂಡಿನೋವಿನ ಹೆಂಗಸು, ಬಂದ ಕೂಡಲೇ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಕೆಲಸ ಹೇಳುತ್ತಿದ್ದರು. ಡಂಕನ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ.

"ಅಜ್ಜೀ," ಅಂದಳು ನೆಲ್, "ಇವತ್ತು ಕಲಕೋ ಭಾನುವಾರ ಅಲ್ವಾ?"

ಕ್ರಿಸ್ಮಸ್‌ಗೆ ತಿಂಗಳಿರುವಾಗ ಬರುವ ಆ ಭಾನುವಾರ ಮನೆಮನೆಯಲ್ಲೂ ಪುಡಿಂಗ್ ಕಲಸುತ್ತಾರೆ. ಮನೆಮಂದಿಯೆಲ್ಲ ಸರದಿಯಂತೆ ಸೌಟು ಹಿಡಿದು, ಮೂಡಣದಿಂದ ಪಡುವಣಕ್ಕೆ ಒಂದು ಸುತ್ತು ತಿರುಗಿಸಿ, ಕಣ್ಣುಮುಚ್ಚಿ ಏನಾದರೊಂದು ಬೇಡಿಕೊಳ್ಳಬೇಕು.

"ಹೌದು ಕಣೇ. ಆದ್ರೆ ಈ ವರ್ಷ ನಾವು ಕಲಕೋ ಹಾಗಿಲ್ಲ. ನಿಮ್ಮಮ್ಮ ಹೋದ ವರ್ಷಾನೇ ಮಾಡಿಟ್ಟಿದ್ದಾಳಲ್ಲ."

ಡಂಕನ್‌ನ ಚಾಕು ನಿಂತಿತು. "ಏನು ಮಾಡಿಟ್ಟಿದ್ದಾಳೆ?"

"ಪುಡಿಂಗು ಕಣೋ. ಹೋದ ವರ್ಷ ಎರಡು ಮಾಡಿದ್ವಲ್ಲ ನಾವಿಬ್ರೂ, ನೀನು ಡ್ಯೂಟಿಗೆ ಹೋಗಿದ್ದಾಗ. ಒಂದು ತಿಂದಾಯ್ತು. ಇನ್ನೊಂದು ಈ ವರ್ಷಕ್ಕೆ, ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು. ಒಂದು ವರ್ಷ ಕೂತ್ರೆ ಇನ್ನೂ ರುಚಿ ಬರುತ್ತೆ." ಎನಿಡ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. "ತಾನು ಉಳಿಯಲ್ಲ ಅಂತ ಗೊತ್ತಿತ್ತು ಅವಳಿಗೆ. 'ಮುಂದಿನ ವರ್ಷ ಇವರಿಬ್ಬರಿಗೂ ಕಲಕೋ ಮನಸ್ಸೇ ಬರಲ್ಲಮ್ಮ, ಈಗಲೇ ಮಾಡಿಟ್ಬಿಡ್ತೀನಿ' ಅಂದಳು. ನಮ್ಮಮ್ಮನ ಕಾಲದ ಆರು ಪೆನ್ನಿ ಬೆಳ್ಳಿ ನಾಣ್ಯ ಇತ್ತಲ್ಲ, ಪ್ರತಿ ವರ್ಷ ಹಾಕೋದು? ಅದನ್ನೂ ಆ ಎರಡನೇದರಲ್ಲೇ ಹಾಕಿದಳು. ಅದೃಷ್ಟ ಮುಂದಿನ ವರ್ಷ ಹೆಚ್ಚು ಬೇಕಾಗುತ್ತೆ ಅಂತ. ಯಾಕೋ, ನಿಂಗೆ ಹೇಳಿರಲಿಲ್ವಾ?"

ಹೇಳಿರಲಿಲ್ಲ. ಹೇಳೋಣ ಅಂದುಕೊಂಡಿರುತ್ತಾಳೆ, ಹೊತ್ತು ಸಿಕ್ಕಿರುವುದಿಲ್ಲ. ಒಂದು ವರ್ಷ ಆ ಬೋಗುಣಿ ಅವನ ಕಪಾಟಿನಲ್ಲೇ ಇತ್ತು. ಪ್ರತಿ ದಿನ ಅದೇ ಕಪಾಟು ತೆರೆದು ಚಹಾಪುಡಿ ತೆಗೆದುಕೊಂಡಿದ್ದ. ಮುಟ್ಟಿದ್ದು ಒಂದೇ ಸಲ, ಅದೂ ಯಾರೋ ಬಿಟ್ಟುಹೋದದ್ದೆಂದು ದಾನ ಮಾಡಲು.

"ನಾನು ಅದನ್ನ ಟೊಂಬೋಲಾಗೆ ಕೊಟ್ಬಿಟ್ಟೆ," ಅಂದ.

ಡಂಕನ್ ಮಗಳ ಕಡೆ ತಿರುಗಿದ.

"ನಂಗೊತ್ತಿತ್ತು ಅದು ಅಮ್ಮಂದೂ ಅಂತ," ಅಂದಳು ನೆಲ್, ಸ್ವೆಟರಿನ ತುದಿ ತಿರುಚುತ್ತ. "ಅವತ್ತು ನಾನೂ ಕಲಕಿದ್ದೆ."

"ಗೊತ್ತಿದ್ರೆ ಯಾಕಮ್ಮಾ ಹೇಳ್ಲಿಲ್ಲ?"

"ಅಮ್ಮನ ವಿಷಯ ಎತ್ತಿದ್ರೆ ನೀನು ಎದ್ದು ಹೋಗ್ತೀಯಲ್ಲ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮಗಳು ದೂರಿನ ದನಿಯಲ್ಲೂ ಹೇಳಿರಲಿಲ್ಲ. ನಮ್ಮ ಮನೆಯ ಪದ್ಧತಿ ಹೀಗೆ ಎನ್ನುವಂತೆ ಹೇಳಿದ್ದಳು.

"ಕೋಟು ಹಾಕ್ಕೋ," ಅಂದ ಡಂಕನ್. "ಹೋಗಿ ತಗೊಂಡ್ ಬರೋಣ."

ಬ್ರಿಜೆಟ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವಳ ಮನೆ ಎರಡು ಬೀದಿ ಆಚೆ. ಬಾಗಿಲು ಬಡಿದಾಗ ತಲೆಗೆಲ್ಲ ಬಣ್ಣ ಮೆತ್ತಿಕೊಂಡು, ಮೇಲೆ ಪ್ಲಾಸ್ಟಿಕ್ ಟೋಪಿ ಏರಿಸಿಕೊಂಡು ಬಂದಳು.

"ನಗಬೇಡ. ಊರೋರ ತಲೆಗೆಲ್ಲ ಬಣ್ಣ ಹಾಕೋಳಿಗೆ ತನ್ನ ತಲೆಗೆ ಭಾನುವಾರವೇ ಗತಿ."

"ಬ್ರಿಜೆಟ್, ಶುಕ್ರವಾರ ಬಂದ ಪುಡಿಂಗ್ ಎಲ್ಲಿ? ಬಿಳಿ ಬೋಗುಣಿ."

"ಅದಾ? ಅದನ್ನ ಇಟ್ಕೊಳ್ಳಲಿಲ್ಲ ಕಣೋ. ಮನೇಲಿ ಮಾಡಿದ್ದು, ಒಳಗೇನಿದೆ ಅಂತ ಚೀಟಿ ಇಲ್ಲ. ಬಾದಾಮಿ ಗೀದಾಮಿ ಇದ್ದು, ಯಾವ್ದಾದ್ರೂ ಮಗು ತಿಂದು ಗಂಟಲು ಊದಿದ್ರೆ ಯಾರು ಹೊಣೆ? ಈ ವರ್ಷ ನಾನೇ ಮಾಡಿದ ನಿಯಮ."

"ಬಿಸಾಕಿದ್ಯಾ?"

"ಛೇ, ಪುಡಿಂಗ್ ಬಿಸಾಕೋಷ್ಟು ಪಾಪಿ ಅಲ್ಲ ನಾನು. ಗೇಟಲ್ಲಿ ಹಿಲರಿ ಮೊಮ್ಮಗಳನ್ನ ಕರಕೊಂಡು ಹೋಗೋಕೆ ಬಂದಿದ್ರು, ಅವರ ಕೈಲಿ ಕೊಟ್ಟೆ. ಚರ್ಚಿನ ಹಾಲಲ್ಲಿ ಇವತ್ತು ವಯಸ್ಸಾದೋರ ಊಟ ಅಲ್ವಾ, ಅವರೇ ನಡೆಸೋದು. ಚೀಟಿ ಇಲ್ಲ ಅಂತ ಹೇಳ್ದೆ. 'ಇವರೆಲ್ಲ ಎಂಬತ್ತು ವರ್ಷ ಚೀಟಿ ಓದದೇನೇ ತಿಂದು ಬದುಕಿದ್ದಾರೆ ಬಿಡು' ಅಂದ್ರು... ಯಾಕೋ, ಮುಖ ಹೀಗ್ಯಾಕಾಯ್ತು?"

"ಅದು ಅಮ್ಮ ಮಾಡಿದ್ದು," ಅಂದಳು ನೆಲ್.

ಬ್ರಿಜೆಟ್ ಚಪ್ಪಲಿ ಮೆಟ್ಟಿ, ಪ್ಲಾಸ್ಟಿಕ್ ಟೋಪಿಯಲ್ಲೇ ಅವರಿಗಿಂತ ಮುಂದೆ ಇಳಿಜಾರಿನಲ್ಲಿ ಓಡಿದಳು.

ಚರ್ಚಿನ ಹಾಲ್‌ನ ಬಾಗಿಲು ತೆರೆದದ್ದೇ ವಾಸನೆ ಎದುರುಗೊಂಡಿತು: ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ, ಬ್ರಾಂದಿ.

"ಅಪ್ಪಾ," ನೆಲ್ ಅವನ ಕೈ ಹಿಡಿದುಕೊಂಡಳು, "ನಮ್ಮನೆ ಕ್ರಿಸ್ಮಸ್ ವಾಸನೆ."

ಉದ್ದನೆಯ ಮೇಜುಗಳ ಸುತ್ತ ಅಜ್ಜಂದಿರು ಅಜ್ಜಿಯಂದಿರು ಕಾಗದದ ಟೋಪಿ ಹಾಕಿಕೊಂಡು ತೃಪ್ತಿಯಿಂದ ಕೂತಿದ್ದರು. ಎದುರಿನ ತಟ್ಟೆಗಳಲ್ಲಿ ಒಂದು ದ್ರಾಕ್ಷಿಯೂ ಉಳಿದಿರಲಿಲ್ಲ. ಆಚೆ ಅಡುಗೆಮನೆಯ ಕಟ್ಟೆಯ ಮೇಲೆ ಬಿಳಿ ಬೋಗುಣಿ ತೊಳೆದು ಬೋರಲು ಹಾಕಿತ್ತು. ಪಕ್ಕದಲ್ಲಿ ಕತ್ತರಿಸಿದ ದಾರ.

ಹಿಲರಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಡಂಕನ್‌ನನ್ನು ನೋಡಿ ಮುಖ ಗಂಟಾಯಿತು. ಬ್ರಿಜೆಟ್‌ಳ ತಲೆ ನೋಡಿ ಗಂಟು ಸಡಿಲವಾಯಿತು.

"ಏನಪ್ಪಾ, ಸಮಿತಿಯೇ ಮೆರವಣಿಗೆ ಬಂದಿದೆ?"

"ಪುಡಿಂಗ್..." ಅಂದ ಡಂಕನ್.

"ಮುಗೀತಲ್ಲ! ಅಂಗಡಿಯಿಂದ ತಂದಿದ್ದು ಹಾಗೇ ಬಿದ್ದಿದೆ, ಇದನ್ನ ಮಾತ್ರ ತಟ್ಟೆ ನೆಕ್ಕಿದ್ರು. ನಾನೂ ಒಂದು ಚಮಚ ತಿಂದೆ. ಯಾರು ಮಾಡಿದ್ದೋ ಪುಣ್ಯಾತ್ಗಿತ್ತಿ, ಆ ಕೈಗೆ ಚಿನ್ನದ ಬಳೆ ತೊಡಿಸ್ಬೇಕು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವನೋ ತನ್ನ ಬಾಯಿಗೆಂದು ಇಟ್ಟ ತುತ್ತನ್ನು ಕೈಯಾರೆ ಊರಿಗೆ ಹಂಚಿದ್ದ. ಡಂಕನ್‌ಗೆ ಸಿಟ್ಟು ಉಕ್ಕಿ ಬಂತು. ಬ್ರಿಜೆಟ್‌ಳ ನಿಯಮದ ಮೇಲೆ, ಹಿಲರಿಯ ಮೇಲೆ, ಆ ತೃಪ್ತ ಮುದುಕರ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ. ತಿರುಗಿ ಹೊರಟುಬಿಡಬೇಕು ಅನ್ನಿಸಿತು. ಕೈಯಲ್ಲಿ ಮಗಳ ಕೈಯಿತ್ತು. ಅವಳು ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಇವನು ಈಗಲೂ ಹೋಗುತ್ತಾನೋ ಇಲ್ಲವೋ ಅಂತ ನೋಡುತ್ತಿದ್ದಾಳೆಂದು ಅವನಿಗೆ ತಿಳಿಯಿತು.

"ಮೆರಿಯಲ್," ಅಂದ. ಕೆಮ್ಮಿ ಮತ್ತೆ ಅಂದ, "ಮೆರಿಯಲ್ ಮಾಡಿದ್ದು ಅದು. ನನ್ನ ಹೆಂಡತಿ. ಹೋದ ವರ್ಷ, ನಮಗೇಂತ ಮಾಡಿಟ್ಟಿದ್ದಳು. ನಂಗೆ ಗೊತ್ತಿರ್ಲಿಲ್ಲ, ಕೊಟ್ಬಿಟ್ಟೆ."

ಹಿಲರಿ ಹತ್ತಿರದ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಅವಳ ಕೈಯದ್ದಾ?" ಅಂದರು. "ಅವಳ ಜೊತೆ ಮಾತು ಬಿಟ್ಟು ಅವಳ ಕೈಯಡುಗೆ ತಿಂದ್ನಾ ನಾನು?" ಏಪ್ರನ್ ಎತ್ತಿ ಮುಖಕ್ಕೆ ಹಿಡಿದುಕೊಂಡರು.

ಆಗ ಮೇಜಿನ ಕೊನೆಯಿಂದ ಒಬ್ಬ ಮುದುಕ ಕೋಲೂರಿ ಎದ್ದ. ವಿಲ್ಫ್, ಹಿಂದೆ ಶಾಲೆಯ ಜವಾನನಾಗಿದ್ದವನು. ಕಿವಿ ಅರ್ಧ ಕೇಳಿಸುವುದಿಲ್ಲ, ಬೇಕಾದದ್ದು ಪೂರ್ತಿ ಕೇಳಿಸುತ್ತದೆ.

"ಲೋ ಮಗಾ, ಹಾಗಾದ್ರೆ ಇದು ನಿಂದೇ," ಅಂದು ಕಾಗದದ ಕರವಸ್ತ್ರ ಬಿಚ್ಚಿದ. ಒಳಗೆ ತೆಳ್ಳನೆಯ ಬೆಳ್ಳಿ ನಾಣ್ಯ. "ಬಾಯಲ್ಲಿ ಉಳಿದಿರೋದು ಒಂದೇ ಹಲ್ಲು. ಇದು ಹುಡುಕ್ಕೊಂಡು ಬಂದು ಅದಕ್ಕೇ ಬಡೀತು ನೋಡು."

ಯಾರೋ ನಕ್ಕರು. ಡಂಕನ್‌ಗೂ ಅಳುವಿನ ನಡುವೆ ನಗು ಬಂತು. ಕಣ್ಣೀರು ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲೂ ಇಲ್ಲ.

"ಸಿಕ್ಕಿದೋರಿಗೆ ಅದೃಷ್ಟ," ಅಂದಳು ನೆಲ್. "ಇಟ್ಕೊಳ್ಳಿ, ನಿಮಗೆ ಸಿಕ್ಕಿದ್ದು."

"ಎಂಬತ್ತಾರಕ್ಕೆ ಇನ್ನೆಂಥಾ ಅದೃಷ್ಟ ಪುಟ್ಟೀ, ಇಂಥಾ ಪುಡಿಂಗು ತಿಂದ ಮೇಲೆ! ನಮ್ಮವಳು ಹೋದ ಮೇಲೆ ಇಂಥದ್ದು ತಿಂದೇ ಇರಲಿಲ್ಲ. ನೀನೇ ತಗೊಂಡು ಏನಾದ್ರೂ ಬೇಡ್ಕೋ."

"ಹಾಗೆಲ್ಲ ಬೇಡ್ಕೊಳ್ಳೋ ಹಾಗಿಲ್ಲ. ಕಲಕುವಾಗ ಬೇಡ್ಕೋಬೇಕು."

"ಮತ್ತೆ ಹೋಗಿ ಕಲಕು," ಅಂದ ವಿಲ್ಫ್. "ಭಾನುವಾರ ಇನ್ನೂ ಮುಗಿದಿಲ್ಲವಲ್ಲ."

ಮನೆಗೆ ಬಂದು ನೋಡಿದರೆ ಡಬ್ಬದಲ್ಲಿ ಹಿಟ್ಟು ಬಿಟ್ಟು ಇನ್ನೇನೂ ಇರಲಿಲ್ಲ. ನಡೆದದ್ದೆಲ್ಲ ಕೇಳಿ ಎನಿಡ್ ಸ್ವಲ್ಪ ಹೊತ್ತು ಅತ್ತರು. ಆಮೇಲೆ ನಾಣ್ಯವನ್ನು ಸೋಪು ಹಾಕಿ ತಿಕ್ಕುತ್ತ, "ದ್ರಾಕ್ಷಿ ಇಲ್ಲದೆ ಏನು ಕಲಕೋದು, ನನ್ನ ತಲೆಯಾ?" ಅಂತ ಅಳಿಯನ ಮೇಲೆ ರೇಗಿದರು. ಅಂಗಡಿಗೆ ಹೊರಡೋಣವೆಂದು ಡಂಕನ್ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಹಿಲರಿ. ಒಂದು ಕೈಯಲ್ಲಿ ಬುಟ್ಟಿ, ಅದರಲ್ಲಿ ಪುಡಿಂಗಿಗೆ ಬೇಕಾದ ಒಣದ್ರಾಕ್ಷಿ, ಬಾದಾಮಿ, ಕೊಬ್ಬು, ಕಂದು ಸಕ್ಕರೆ, ಬ್ರಾಂದಿ ಬಾಟಲಿ ತುಂಬಿತ್ತು. ಇನ್ನೊಂದು ಕೈಯಲ್ಲಿ ಮೂರು ಬೋಗುಣಿಗಳು, ಒಂದರೊಳಗೊಂದು. ಎಲ್ಲಕ್ಕಿಂತ ಮೇಲಿನದು ಮೆರಿಯಲ್‌ಳ ಬಿಳಿ ಬೋಗುಣಿ.

"ಬಾಗಿಲ ಹತ್ರಾನೇ ಇಡು," ಅಂದರು, ಅವನ ಮುಖ ನೋಡದೆ.

"ಬುಟ್ಟೀನಾ?"

"ಟೊಂಬೋಲಾನ. ಅವಳು ಹೇಳಿದ್ದೇ ಸರಿ. ಹೋದ ವರ್ಷ ಮೇಳದ ದಿನ ರಸ್ತೆ ಆಚೆ ನಿಂತು ನೋಡ್ದೆ. ಬಂದೋರ ಮುಖವೆಲ್ಲ ಹೂವಿನ ಹಾಗೆ ಅರಳ್ತಿತ್ತು. ಒಳಗೆ ಬಂದು ಹೇಳೋಕೆ ನಾಲಿಗೆ ಏಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ಹಾಳು ಜಂಬ ಮಾಡ್ಕೊಂಡು ಕೂತೆ." ಮೂಗು ಸೇದಿದರು. "ಒಳಗೆ ಬರ್ಲಾ, ಇಲ್ಲೇ ಇಟ್ಟು ಹೋಗ್ಲಾ?"

"ಚಳಿ ಒಳಗೆ ಬರುತ್ತೆ, ಬಾಗಿಲು ಹಾಕ್ಕೊಂಡು ಬನ್ನಿ!" ಒಳಗಿನಿಂದ ಎನಿಡ್ ಕೂಗಿದರು.

ಬಂದದ್ದೇ ತಡ, ಇಬ್ಬರು ಹೆಂಗಸರಿಗೂ ಜಾಯಿಕಾಯಿಯ ವಿಷಯಕ್ಕೆ ಶುರುವಾಯಿತು. ಎನಿಡ್‌ಗೆ ಒಂದು ಚಿಟಿಕೆ, ಹಿಲರಿಗೆ ಅರ್ಧ ಕಾಯಿ. ಎತ್ತು ಏರಿಗೆ, ಕೋಣ ನೀರಿಗೆ. ಅಷ್ಟರಲ್ಲಿ ಕೂದಲಿಗೆ ನಿಗದಿಗಿಂತ ಹೆಚ್ಚು ಹೊತ್ತು ಬಣ್ಣ ಕೂತು, ಕಂದು ಆಗಬೇಕಾದ್ದು ಕ್ಯಾರೆಟ್ ಕೆಂಪಾದ ಬ್ರಿಜೆಟ್ ಬಂದಳು. ಅವಳ ತಲೆ ನೋಡಿ ಇಬ್ಬರೂ ಜಗಳ ಮರೆತರು.

"ಒಂದನ್ನ ಟೊಂಬೋಲಾಗೆ ಮಾಡಿ," ಅಂದಳು ಬ್ರಿಜೆಟ್. "ದೊಡ್ಡ ಬಹುಮಾನ ಅಂತ ಇಡೋಣ. ಮೆರಿಯಲ್ ಹೆಸರಲ್ಲಿ. ಆದ್ರೆ..."

"ಚೀಟಿ," ಅಂದರು ಎಲ್ಲರೂ ಒಟ್ಟಿಗೆ.

ನೆಲ್ ಆಗಲೇ ಕಾಗದ ಪೆನ್ಸಿಲ್ ತಂದು ಕೂತಿದ್ದಳು. ಹಿಟ್ಟು, ದ್ರಾಕ್ಷಿ, ಬಾದಾಮಿ ಅಂತ ದಪ್ಪ ಅಕ್ಷರದಲ್ಲಿ ಒಂದೊಂದೇ ಬರೆದಳು. ಬಾದಾಮಿಯ ಕೆಳಗೆ ಎರಡು ಗೆರೆ ಎಳೆದಳು.

ಕಲಕುವ ಸರದಿ ಬಂತು. ನೆಲ್ ಸ್ಟೂಲ್ ಹತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಸೌಟು ತಿರುಗಿಸಿದಳು. ಆಮೇಲೆ ಎನಿಡ್, ಹಿಲರಿ, ಬ್ರಿಜೆಟ್. ಕೊನೆಗೆ ಡಂಕನ್. ಸೌಟು ಕೆಸರಿನಲ್ಲಿ ಸಿಕ್ಕಿಕೊಂಡ ಹಾಗೆ ಭಾರವಾಗಿತ್ತು. ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದ.

"ನಿಮ್ಮಮ್ಮ ಮೊದಲ ವರ್ಷ ಪುಡಿಂಗಿಗೆ ಬ್ರಾಂದಿ ಸುರಿದು ಬೆಂಕಿ ಹಚ್ಚಿದಾಗ ಏನಾಯ್ತು ಗೊತ್ತಾ?" ಅಂದ.

ನೆಲ್ ಕಣ್ಣರಳಿಸಿದಳು. ಎನಿಡ್ ಕೈಯ ಬಟ್ಟೆ ಕೆಳಗಿಟ್ಟರು.

"ಏನಾಯ್ತು?"

"ಚಮಚದಲ್ಲಿ ಸುರಿಯೋ ಬದಲು ಅರ್ಧ ಬಾಟಲಿ ಸುರಿದಳು. ಭಗ್ ಅಂತ ಎದ್ದಿತು ನೋಡು ಜ್ವಾಲೆ, ನನ್ನ ಒಂದು ಹುಬ್ಬು ಪೂರ್ತಿ ಸುಟ್ಟುಹೋಯ್ತು. ಹೊಸ ವರ್ಷದವರೆಗೂ ಬಸ್ಸಲ್ಲಿ ಹತ್ತಿದೋರೆಲ್ಲ ಟಿಕೆಟ್ ಕೇಳೋ ಮೊದಲು ಹುಬ್ಬು ಎಲ್ಲಿ ಅಂತ ಕೇಳ್ತಿದ್ರು. ನಿಮ್ಮಮ್ಮ ತನ್ನ ಪೆನ್ಸಿಲಲ್ಲಿ ಪ್ರತಿ ಬೆಳಿಗ್ಗೆ ಹುಬ್ಬು ಬರೆದು ಕಳಿಸ್ತಿದ್ದಳು, ಒಂದಿನ ಬೇಕೂಂತಲೇ ಸೊಟ್ಟ ಬರೆದಳು."

ನೆಲ್ ನಕ್ಕು ನಕ್ಕು ಸ್ಟೂಲಿನಿಂದ ಬೀಳುವಂತಾದಳು. "ಮತ್ತೆ?"

"ಮತ್ತೆ..." ಡಂಕನ್ ಉಳಿದ ಅರ್ಧ ಸುತ್ತು ತಿರುಗಿಸಿದ. ಮತ್ತೆ ಇನ್ನೂ ಬೇಕಾದಷ್ಟು ಇತ್ತು. ಹೇಳುತ್ತ ಹೋದ. ಪುಡಿಂಗು ಬೋಗುಣಿಗಿಳಿದು, ಬಟ್ಟೆ ಬಿಗಿದು, ಒಲೆಯ ಮೇಲೆ ಗಂಟೆಗಟ್ಟಲೆ ಹಬೆಯಾಡುವವರೆಗೂ ಹೇಳುತ್ತಲೇ ಇದ್ದ. ದಾರದ ಹಿಡಿ ಹೇಗೆ ಕಟ್ಟುವುದೆಂದು ಅವನಿಗೆ ಗೊತ್ತಿರಲಿಲ್ಲ. ಅಮ್ಮ ಕಟ್ಟುವುದನ್ನು ನೋಡಿದ್ದ ನೆಲ್ ಕಟ್ಟಿ ತೋರಿಸಿದಳು.

"ಇವರಿಗೆ ಕಲಕೋ ಮನಸ್ಸೇ ಬರಲ್ಲ ಅಂದಿದ್ದಳು," ಅಂದರು ಎನಿಡ್, ಯಾರಿಗೆಂದಿಲ್ಲದೆ. "ಎಲ್ಲ ಸರಿಯಾಗೇ ಹೇಳ್ತಿದ್ದಳು ನನ್ನ ಮಗಳು. ಇದೊಂದು ತಪ್ಪಿತು ನೋಡು." ಅಳುತ್ತಲೇ ನಕ್ಕರು.

ಮೂರು ಪುಡಿಂಗುಗಳಾದವು. ನಾಣ್ಯ ಹಾಕಿದ್ದು ಈ ಕ್ರಿಸ್ಮಸ್‌ಗೆ. ಚೀಟಿ ಕಟ್ಟಿದ್ದು ಟೊಂಬೋಲಾಕ್ಕೆ, ಬಾಗಿಲ ಹತ್ತಿರದ ಮೇಜಿಗೆ. ಬಿಳಿ ಬೋಗುಣಿಯದನ್ನು ಡಂಕನ್ ಕಪಾಟಿನಲ್ಲಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟ. ಅದು ಬರುವ ವರ್ಷಕ್ಕೆ.

ನೆಲ್ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಮುಂದಿನ ವರ್ಷ ಮರೆತು ಇದನ್ನೂ ಕೊಟ್ಬಿಡ್ತೀಯಾ ಅಪ್ಪಾ?"

"ಮರೆತ್ರೂ ಮರೆತೇನು," ಅಂದ ಡಂಕನ್. "ಆಗ ನೀನೇನು ಮಾಡ್ತೀಯ?"

"'ಅಪ್ಪಾ, ಇದು ಅಮ್ಮನ ಬೋಗುಣಿ' ಅಂತ ಹೇಳ್ತೀನಿ," ಅಂದಳು ನೆಲ್. "ಈ ಸಲ ಬಾಯಿಬಿಟ್ಟೇ ಹೇಳ್ತೀನಿ."